ಎಡಗಡೆಯಿಂದ ಹೋದರೆ ಗೆಲ್ಲಬಹುದು

ಆ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಆ ಮಟ್ಟಿಗೆ ಎರಡೂ ಕಡೆಗೆ ನ್ಯಾಯ ಸಮವಾಗಿತ್ತು ಎನ್ನಿ. ಆಸ್ಪತ್ರೆಗಳ, ಹೋಟೆಲುಗಳ ಹಾಸು, ಹೊದಿಕೆ, ಟವೆಲ್ಲುಗಳು ಒಂದು ಬಾಗಿಲಿನಿಂದ ಕೊಳಕಾಗಿ ಬಂದು ಇನ್ನೊಂದು ಬಾಗಿಲಿನಿಂದ ಬೆಳ್ಳಗೆ ಹೊರಗೆ ಹೋಗಬೇಕು. ನಡುವೆ ಒಗೆಯುವ ಯಂತ್ರಗಳ ಗುಡುಗು, ಒಣಗಿಸುವ ಯಂತ್ರಗಳ ಗರಗರ, ಒದ್ದೆ ಹಾಸನ್ನು ಈ ಕಡೆ ನುಂಗಿ ಆ ಕಡೆ ಗರಿಗರಿಯಾಗಿ ಉಗುಳುವ ಬಿಸಿ ಉರುಳೆ. ಇಷ್ಟು ಗದ್ದಲದಲ್ಲಿ ಅವಳು ಕೂಗಿ ಕೂಗಿಯೇ ಕೆಲಸ ಮಾಡಿಸುತ್ತಿದ್ದಳು. ಅದಕ್ಕೇ ಬೆನ್ನ ಹಿಂದೆ ಅವಳ ಹೆಸರು ಕುಕ್ಕರ್. ಎದುರಿಗೆ ಬಂದರೆ ಮೇಡಂ.

ಅವಳನ್ನು ಅಕ್ಕ ಎನ್ನುವ ಜೀವ ಅಲ್ಲಿ ಒಂದೇ ಒಂದು. ಮಡಿಸುವ ಮೇಜಿನಲ್ಲಿ ನಿಲ್ಲುತ್ತಿದ್ದ ಅವಳ ಸ್ವಂತ ತಂಗಿ. ಅದೂ ಯಾರೂ ಇಲ್ಲದಾಗ ಮಾತ್ರ. ‘ಒಳಗೆ ನಾನು ಅಕ್ಕ ಅಲ್ಲ, ನೀನು ತಂಗಿ ಅಲ್ಲ’ ಎಂದು ಮೊದಲ ದಿನವೇ ಅಪ್ಪಣೆಯಾಗಿತ್ತು. ನಾವಾದರೂ ಅವಳನ್ನು ಅಕ್ಕ ಎಂದೇ ಕರೆಯೋಣ. ಕುಕ್ಕರ್ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ.

ಅಕ್ಕನ ಎಡಗಿವಿ ಸತ್ತುಹೋಗಿ ಎಷ್ಟೋ ವರ್ಷಗಳಾಗಿದ್ದವು. ಚಿಕ್ಕವಳಿದ್ದಾಗ ಕೀವು ತುಂಬಿತ್ತು, ಯಾರೂ ಸರಿಯಾಗಿ ನೋಡಲಿಲ್ಲ, ಕಿವಿ ಹೋಯಿತು. ಲಾಂಡ್ರಿಯ ನಿಯಮ ಬಹಳ ಕಟ್ಟುನಿಟ್ಟು: ಯಂತ್ರಗಳ ನಡುವೆ ಓಡಾಡುವವರಿಗೆ ಎರಡೂ ಕಿವಿ ಕೇಳಿಸಲೇಬೇಕು. ಹಿಂದಿನಿಂದ ತಳ್ಳುಗಾಡಿ ಬರುತ್ತದೆ, ಉರುಳೆ ಕೆಟ್ಟರೆ ಗಂಟೆ ಹೊಡೆಯುತ್ತದೆ, ಕೇಳಿಸದಿದ್ದರೆ ಕೈಯೋ ಕಾಲೋ ಹೋಗುತ್ತದೆ. ಈ ವಿಷಯ ಗೊತ್ತಾದ ದಿನ ಅಕ್ಕನ ಕೆಲಸ ಹೋಗುತ್ತಿತ್ತು. ಈ ವಯಸ್ಸಿನಲ್ಲಿ, ಈ ನಾಲಿಗೆ ಇಟ್ಟುಕೊಂಡವಳಿಗೆ, ಇನ್ನೊಂದು ಕೆಲಸ ಕೊಡುವ ಪುಣ್ಯಾತ್ಮ ಯಾರು? ಹಾಗಾಗಿ ಅವಳು ಸದಾ ಎಡಗಡೆಗೆ ಗೋಡೆಯನ್ನೋ ಕಂಬವನ್ನೋ ಇಟ್ಟುಕೊಂಡು ನಿಲ್ಲುತ್ತಿದ್ದಳು. ಯಾರಿಗೂ ಅನುಮಾನ ಬಂದಿರಲಿಲ್ಲ. ಗೊತ್ತಿದ್ದವಳು ತಂಗಿ ಒಬ್ಬಳೇ.

ಎಲ್ಲ ಶುರುವಾದದ್ದು ಮ್ಯಾನೇಜರನ ತಲೆಯಲ್ಲಿ. ಮ್ಯಾನೇಜರ್ ಎಳೆ ವಯಸ್ಸಿನವನು, ಹೊಸ ಸಾಮಾನು ಕಂಡರೆ ಬಾಯಿ ಬಿಡುವವನು. ಒಂದು ಮಧ್ಯಾಹ್ನ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಊಟದ ಕೋಣೆಗೆ ಕರೆಸಿದ. ತರಬೇತಿ ಕೊಡುವ ಹುಡುಗಿಯೊಬ್ಬಳು ಗೋಡೆಯ ಮೇಲೆ ಬೆಳಕು ಬಿಟ್ಟುಕೊಂಡು ನಿಂತಿದ್ದಳು.

“ವಿಡಿಯೋ ಗೇಮ್ ಮಾಡೋಕೆ ಇನ್ಮೇಲೆ ಇಂಜಿನಿಯರೇ ಆಗ್ಬೇಕು ಅಂತೇನಿಲ್ಲ. ಚಿತ್ರ ಬರೆಯೋಕೂ ಬರ್ಬೇಕಿಲ್ಲ. ಬಾಯಿ ಇದ್ರೆ ಸಾಕು. ಈ ಆಪ್ ಒಳಗೆ ಎಐ ಇದೆ. ನೀವು ಹೇಳ್ತಾ ಹೋಗಿ, ಅದು ಕಟ್ತಾ ಹೋಗುತ್ತೆ. ಏನಾದ್ರೂ ಬಿಟ್ಟುಹೋದ್ರೆ ಅದೇ ಕೇಳುತ್ತೆ.”

“ಬಾಯಿ ಸಾಕು ಅಂದ್ರೆ ನಮ್ಮ ಮೇಡಮ್ಮೇ ಫಸ್ಟು,” ಎಂದ ತಳ್ಳುಗಾಡಿಯವನು. ಗಾಡಿ ತಳ್ಳುವುದಕ್ಕಿಂತ ಮಾತು ತಳ್ಳುವುದರಲ್ಲಿ ಅವನು ಗಟ್ಟಿಗ. ಕೋಣೆ ಗೊಳ್ಳೆಂದಿತು. ಅವನು ಅಕ್ಕನ ಎಡಗಡೆ ಕುಳಿತಿದ್ದರಿಂದ ಎಲ್ಲರೂ ಯಾಕೆ ನಕ್ಕರೆಂದು ಅವಳಿಗೆ ತಿಳಿಯಲಿಲ್ಲ, ತಿಳಿದವಳಂತೆ ಮುಖ ಗಂಟಿಕ್ಕಿದಳು.

ಪ್ರತಿಯೊಬ್ಬರೂ ಕೆಲಸದಲ್ಲಿ ಎಚ್ಚರಿಕೆ ಕಲಿಸುವ ಒಂದೊಂದು ಆಟ ಮಾಡಬೇಕು ಎಂದ ಮ್ಯಾನೇಜರ್. ಯಾರು ಮಾಡಿದ್ದು ಎಂದು ಹೆಸರು ಕಾಣಿಸುವುದಿಲ್ಲ, ನಾಚಿಕೆ ಬೇಡ. ಮುಗಿಸಿ ಗುಂಡಿ ಒತ್ತಿದರೆ ಕಂಪನಿಯ ಪುಟಕ್ಕೆ ತಾನೇ ಹೋಗುತ್ತದೆ. ಈ ಕೊನೆಯ ಮಾತು ಹೇಳುವಾಗ ಅರ್ಧ ಜನ ಆಗಲೇ ಎದ್ದು ಕೈ ತೊಳೆಯಲು ಹೋಗಿದ್ದರು.

ಮೇಲಿನವರು ಹೇಳಿದ ಮೇಲೆ ಮುಗಿಯಿತು. ಅಕ್ಕ ಅದನ್ನು ತಲೆಯ ಮೇಲೆ ಹೊತ್ತುಕೊಂಡಳು. ತಾನೇ ಮೊದಲು ಒಂದು ಆಟ ಮಾಡಿದಳು: ಮೇಲಿಂದ ಕೈಗವಸು ಬೀಳುತ್ತದೆ, ಕೆಳಗೆ ನಿಂತವರು ಹಿಡಿದು ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಇನ್ನೊಂದು ಬೀಳುತ್ತದೆ. ಅಷ್ಟೇ. ಅದನ್ನು ಇಡೀ ಲಾಂಡ್ರಿಯಲ್ಲಿ ಆಡಿದವಳು ಅವಳೊಬ್ಬಳೇ. ಉಳಿದವರನ್ನು ಬೆನ್ನು ಬಿಡದೆ ಕಾಡಿದಳು. ‘ಮಾಡಿದ್ಯಾ? ಇನ್ನೂ ಇಲ್ವಾ? ಯಾವಾಗ?’ ಎಲ್ಲರೂ ಏನೋ ಒಂದು ಬಾಯಿಗೆ ಬಂದದ್ದು ಹೇಳಿ ಮುಗಿಸಿದರು. ಮುಗಿಸದೆ ಉಳಿದವಳು ತಂಗಿ.

ಅಷ್ಟರಲ್ಲಿ ಒಂದು ದಿನ ಆಸ್ಪತ್ರೆಯಿಂದ ಒಂದು ಹಾಸು ವಾಪಸು ಬಂದಿತ್ತು. ಮಡಿಕೆಯ ಒಳಗೆ ಕಂದು ಕಲೆ. ಮಡಿಸಿದವಳು ತಂಗಿ. ಅದೇ ಹೊತ್ತಿಗೆ ತಂಗಿ ರಜೆ ಕೇಳಿಕೊಂಡು ಬಂದಳು.

“ನಾಳೆ ಮಧ್ಯಾಹ್ನ ಮಾತ್ರ ಮೇಡಂ. ಮಗು ಫಸ್ಟ್ ಟೈಮ್ ಸ್ಟೇಜ್ ಹತ್ತುತ್ತೆ. ಚಿಟ್ಟೆ ಆಗುತ್ತಂತೆ. ಅಮ್ಮ ಬರ್ಲೇಬೇಕು ಅಂತ ಅಳ್ತಾ ಕೂತಿದೆ.”

ಅಕ್ಕ ಆ ಹಾಸನ್ನು ಎಲ್ಲರ ಮುಂದೆ ತಂಗಿಯ ಎದೆಯ ಮೇಲೆ ಎಸೆದಳು. ಹೌದು, ಎಸೆದಳು. ಬೇರೆ ಯಾರಿಗೂ ಹೀಗೆ ಮಾಡುತ್ತಿರಲಿಲ್ಲ. ತಂಗಿಗೆ ಸಲಿಗೆ ಕೊಟ್ಟಳು ಎಂದು ನಾಳೆ ಯಾರೂ ಆಡಬಾರದಲ್ಲ, ಅದಕ್ಕೆ ಬೇರೆಯವರಿಗೆ ಒಂದು ಬೈಗುಳವಾದರೆ ಇವಳಿಗೆ ಎರಡು.

“ಕಣ್ಣು ಎಲ್ಲಿ ಇಟ್ಕೊಂಡಿದ್ದೆ? ಚಿಟ್ಟೆ ಅಂತೆ ಚಿಟ್ಟೆ! ಕಲೆ ಕಾಣದವಳಿಗೆ ಚಿಟ್ಟೆ ಕಾಣುತ್ತಾ? ರಜೆನೂ ಇಲ್ಲ ಗಿಜೆನೂ ಇಲ್ಲ. ಇವತ್ತು ಆ ಆಟ ಮುಗಿಸ್ದೆ ನೀನು ಬಾಗಿಲು ದಾಟಿದ್ರೆ ನೋಡು.”

ತಂಗಿ ಬಗ್ಗಿದಳು. ಹಾಸನ್ನು ಎತ್ತಿಕೊಂಡು ಹೋದಳು. ಮರುದಿನ ಮಗು ಚಿಟ್ಟೆಯಾಯಿತು, ಅಮ್ಮ ಮೇಜಿನಲ್ಲಿ ಟವೆಲ್ ಮಡಿಸುತ್ತಿದ್ದಳು. ಅಕ್ಕನಿಗೆ ಅದು ಚುಚ್ಚಲಿಲ್ಲವೇ ಎಂದರೆ, ಚುಚ್ಚಿತು. ಆದರೆ ಚುಚ್ಚಿದ್ದನ್ನು ತೋರಿಸಿಕೊಂಡರೆ ನಾಳೆ ಎಲ್ಲರ ಮಕ್ಕಳೂ ಚಿಟ್ಟೆಗಳಾಗುತ್ತಾರೆ ಎಂದು ಸುಮ್ಮನಾದಳು.

ಅದಾದ ಕೆಲವು ದಿನಕ್ಕೆ ಊಟದ ಕೋಣೆಯಲ್ಲಿ ಹೊಸ ನಗು ಶುರುವಾಯಿತು. ಎಲ್ಲರ ತಲೆಯೂ ಫೋನಿನೊಳಗೆ. ಅಕ್ಕ ಬಾಗಿಲಲ್ಲಿ ಕಾಣಿಸಿದರೆ ಫೋನುಗಳು ಜೇಬಿಗೆ. ಒಂದು ದಿನ ಅವಳು ಸದ್ದಿಲ್ಲದೆ ಬಂದು ಗುಂಡಕ್ಕನ ಕೈಯಿಂದ ಫೋನು ಕಿತ್ತುಕೊಂಡಳು. ಗುಂಡಕ್ಕ ಬಿಸಿ ಉರುಳೆಯವಳು, ದೇಹ ದೊಡ್ಡದು, ಧೈರ್ಯ ಸಣ್ಣದು. “ನಾನು ಮಾಡಿದ್ದಲ್ಲ ಮೇಡಂ, ದೇವ್ರಾಣೆ ನಾನಲ್ಲ,” ಎಂದು ಕೇಳುವ ಮೊದಲೇ ಅಳತೊಡಗಿದಳು.

ಪರದೆಯ ಮೇಲೆ ಲಾಂಡ್ರಿ ಇತ್ತು. ಅದೇ ಯಂತ್ರಗಳ ಸಾಲು, ಅದೇ ಉರುಳೆ, ಅದೇ ಒಡೆದ ಹೆಂಚಿನ ನೆಲ. ಆ ಸಾಲುಗಳ ನಡುವೆ ಬಿಳಿ ಕೋಟು, ತಲೆಗೆ ಬಲೆ ಟೋಪಿ, ಕಿವಿಯಿಂದ ಕಿವಿಯವರೆಗೆ ಬಾಯಿಯೇ ಆದ ಒಂದು ಹೆಂಗಸು ಗಸ್ತು ತಿರುಗುತ್ತಿತ್ತು. ತಲೆಯಿಂದ ಹಬೆ ಬರುತ್ತಿತ್ತು. ಆಡುವವರು ಹಾಸಿನ ರಾಶಿ ಹೊತ್ತ ಸಣ್ಣ ಹೆಂಗಸಾಗಿ, ಅದರ ಕೈಗೆ ಸಿಗದೆ ಕೊನೆಯ ಬಾಗಿಲು ಮುಟ್ಟಬೇಕು. ಸಿಕ್ಕಿಬಿದ್ದರೆ ಅದು ಬಾಯಿ ತೆರೆದು ‘ಕಣ್ಣು ಎಲ್ಲಿ ಇಟ್ಕೊಂಡಿದ್ದೆ?’ ಎಂದು ಸೀಟಿ ಹೊಡೆದಂತೆ ಕಿರುಚುತ್ತದೆ, ಆಟ ಮುಗಿಯುತ್ತದೆ. ಮೇಲೆ ದಪ್ಪಕ್ಷರದಲ್ಲಿ ಹೆಸರು: ‘ಕುಕ್ಕರ್ ಬಂದ್ಲು’.

“ಯಾರು ಮಾಡಿದ್ದು ಇದನ್ನ?”

ತಳ್ಳುಗಾಡಿಯವನು ಚಾವಣಿ ನೋಡಿಕೊಂಡು ಹೇಳಿದ: “ಯಾರ್ ಬೇಕಾದ್ರೂ ಮಾಡ್ಬೋದಲ್ಲ ಮೇಡಂ. ಈಗ ಎಲ್ಲರಿಗೂ ಬರುತ್ತೆ. ನೀವೇ ಅಲ್ವಾ ಎಲ್ಲರ ಹತ್ರಾನೂ ಮಾಡಿಸಿದ್ದು?”

ಹಿಂದೆ ಒಬ್ಬರನ್ನು ಹೀಗಳೆಯಬೇಕೆಂದರೆ ಶೌಚಾಲಯದ ಗೋಡೆಯ ಮೇಲೆ ಬರೆಯಬೇಕಿತ್ತು. ಬರೆಯುವವನಿಗೆ ಒಂದಿಷ್ಟು ಚಿತ್ರ ಬರಬೇಕಿತ್ತು, ಧೈರ್ಯ ಬೇಕಿತ್ತು, ಯಾರಾದರೂ ಬಂದಾರೆಂಬ ಹೆದರಿಕೆಯಲ್ಲಿ ಅರ್ಧಕ್ಕೇ ಬಿಟ್ಟು ಓಡುತ್ತಿದ್ದ. ಒಂದು ಕೈ ಸುಣ್ಣ ಹೊಡೆದರೆ ಎಲ್ಲ ಅಳಿಸಿಹೋಗುತ್ತಿತ್ತು. ಈ ಹಾಳು ಯಂತ್ರಕ್ಕೆ ಹೆದರಿಕೆಯೂ ಇಲ್ಲ, ದಣಿವೂ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹೊಟ್ಟೆಯ ಉರಿಯನ್ನು ಯಾರಾದರೂ ಅದರ ಮುಂದೆ ಕಕ್ಕಿದರೆ, ಅದನ್ನು ಬಳಿದು, ಬಣ್ಣ ಹಚ್ಚಿ, ಹಿನ್ನೆಲೆ ಸಂಗೀತ ಕೊಟ್ಟು ಊರಿಗೆ ಬಡಿಸುತ್ತದೆ.

ಸಂಜೆ ಅಕ್ಕ ತನ್ನ ಒಂಟಿ ಕೋಣೆಯ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹಾಸಿಗೆಯ ಅಂಚಿನಲ್ಲಿ ಕುಳಿತು ಆ ಆಟ ತೆರೆದಳು. ಮಾಡಿದವರು ಯಾರೆಂದು ಒಳಗೆಲ್ಲಾದರೂ ಸುಳಿವು ಸಿಕ್ಕೀತು ಎಂಬ ಆಸೆ. ಆಡಿದಳು. ಸೋತಳು. ಮತ್ತೆ ಆಡಿದಳು. ತನ್ನದೇ ಬಾಯಿ ತನ್ನನ್ನೇ ಹಿಡಿದು ‘ಕಣ್ಣು ಎಲ್ಲಿ ಇಟ್ಕೊಂಡಿದ್ದೆ?’ ಎಂದು ಕಿರುಚಿತು. ಆಮೇಲಾಮೇಲೆ ಅವಳಿಗೆ ಸಿಟ್ಟಿಗಿಂತ ಹಟವೇ ಹೆಚ್ಚಾಯಿತು. ಆಚೆ ಮನೆಯವರು ಗೋಡೆ ತಟ್ಟಿದರು, ಸದ್ದು ಕಡಿಮೆ ಮಾಡಿಕೊಂಡು ಮತ್ತೆ ಆಡಿದಳು. ಈ ಪಾಟಿ ಕಷ್ಟದ ಆಟವನ್ನು ಅವರೆಲ್ಲ ಹೇಗೆ ಗೆಲ್ಲುತ್ತಾರೆ ಎಂದು ಕೆಳಗೆ ಜನ ಬರೆದದ್ದನ್ನು ಓದಲು ಹೋದಳು.

ನಗುವ ಮುಖಗಳ ಸಾಲು, ಬೈಗುಳಗಳ ಸಾಲು, ಅದರ ನಡುವೆ ಯಾರೋ ಗೆದ್ದವರು ಉದಾರವಾಗಿ ಗುಟ್ಟು ಬಿಟ್ಟುಕೊಟ್ಟಿದ್ದರು: ‘ಎದುರಿಂದ ಹೋದ್ರೆ ಚಾನ್ಸೇ ಇಲ್ಲ. ಎಡಗಡೆಯಿಂದ ಹೋಗಿ. ಅವಳಿಗೆ ಆ ಕಿವಿ ಕೇಳಿಸಲ್ಲ.’

ಅಕ್ಕನ ಬೆರಳು ತಾನಾಗಿ ಆಟಕ್ಕೆ ವಾಪಸು ಹೋಯಿತು. ಹಾಸು ಹೊತ್ತ ಸಣ್ಣ ಹೆಂಗಸನ್ನು ಆ ಬಿಳಿ ಕೋಟಿನ ಎಡಗಡೆಗೆ ನಡೆಸಿದಳು. ನಡೆಸಿದಳಲ್ಲ, ಓಡಿಸಿದಳು, ದಡಬಡ ಸದ್ದು ಮಾಡಿಕೊಂಡೇ. ಕೋಟಿನ ಹೆಂಗಸು ತಿರುಗಲಿಲ್ಲ. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋದರೂ ತಿರುಗಲಿಲ್ಲ. ಕೊನೆಯ ಬಾಗಿಲು ತೆರೆಯಿತು. ಆಚೆ ಬೆನ್ನಿಗೆ ಹಳದಿ ರೆಕ್ಕೆ ಕಟ್ಟಿಕೊಂಡ ಒಂದು ಪುಟ್ಟ ಮಗು ನಿಂತಿತ್ತು. ಹಾಸು ಹೊತ್ತವಳನ್ನು ಕಂಡು ಕೈ ತಟ್ಟಿ ಕುಣಿಯಿತು. ‘ಗೆದ್ದಿರಿ! ಕುಕ್ಕರ್‌ಗೆ ಕೇಳಿಸಲೇ ಇಲ್ಲ!’

ಇನ್ನು ಯಾವ ಸುಳಿವು ಬೇಕು? ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಸುಮ್ಮನೆ ಹೇಳಿಲ್ಲ. ಅಕ್ಕ ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆಂದು ಎತ್ತಿದಳು, ಒಗೆಯಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಮುಖದ ಮೇಲೆ ನೀರು ಹಾಕಿಕೊಂಡು ಅತ್ತಳು. ಕೆಲಸ ಹೋಗುತ್ತದೆಂಬ ಹೆದರಿಕೆಗೆ ಅತ್ತಳೋ, ತಂಗಿ ಹೀಗೆ ಮಾಡಿದಳೆಂಬ ಸಂಕಟಕ್ಕೆ ಅತ್ತಳೋ ಎಂದು ಕೇಳಿದರೆ, ಎರಡಕ್ಕೂ ಎನ್ನಬೇಕು.

ಮರುದಿನ ಲಾಂಡ್ರಿಗೆ ಕಾಲಿಟ್ಟಾಗ ಮಂದಿಯೆಲ್ಲ ಅವಳ ಎಡಗಡೆಗೆ ವಾಲಿದ್ದರು. ತಳ್ಳುಗಾಡಿಯವನು ಬೇಕೆಂದೇ ಗಂಟೆ ಹೊಡೆಯದೆ ಅವಳ ಎಡ ಮೊಣಕೈ ಸವರಿಕೊಂಡು ಗಾಡಿ ನುಗ್ಗಿಸಿದ. ಒಗೆಯುವ ಯಂತ್ರದ ಇಬ್ಬರು ಅವಳ ಎಡಹೆಗಲ ಹಿಂದೆ ನಿಂತು ಏನೋ ಹೇಳಿದರು, ಎದುರಿಗಿದ್ದವರು ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕರು. ಏನು ಹೇಳಿದರೋ ಅವಳಿಗೆ ಗೊತ್ತಿಲ್ಲ. ತಿರುಗಿ ನೋಡಿದರೆ ಕೇಳಿಸಿತೆಂದಲ್ಲ, ಅನುಮಾನ ಬಂದಿತೆಂದು ಗೊತ್ತಾಗುತ್ತದೆ. ತಿರುಗದಿದ್ದರೆ ಆಟದಲ್ಲಿದ್ದದ್ದು ನಿಜವಾಗುತ್ತದೆ. ಅವಳು ಕಂಬಕ್ಕೆ ಆನಿಕೊಂಡು ನಿಂತಳು. ಕಂಬ ಬಿಟ್ಟು ಕದಲಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಷ್ಟು ದಿನ ಬೆಕ್ಕಾಗಿದ್ದವಳಿಗೆ ಈಗ ಆ ಮಾತಿನ ಇನ್ನೊಂದು ತುದಿ ಅರ್ಥವಾಯಿತು.

ಊಟದ ಹೊತ್ತಿಗೆ ತಂಗಿಯನ್ನು ಕೊಳಕು ಬಟ್ಟೆ ವಿಂಗಡಿಸುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ರಕ್ತದ ಹಾಸು, ವಾಂತಿಯ ಟವೆಲ್, ಔಷಧದ ವಾಸನೆ. ಅಲ್ಲಿಗೆ ಊಟದ ಹೊತ್ತಿನಲ್ಲಿ ಯಾರೂ ಬರುವುದಿಲ್ಲ.

“ಯಾಕೇ ಮಾಡಿದೆ?”

ತಂಗಿ ಸುಳ್ಳು ಹೇಳಲಿಲ್ಲ. “ಮಾಡ್ಬೇಕು ಅಂತ ಮಾಡ್ಲಿಲ್ಲ. ನೀನು ಹಾಸು ಎಸೆದ್ಯಲ್ಲ, ಅವತ್ತು ಒಣಗಿಸೋ ಯಂತ್ರದ ಹಿಂದೆ ಕೂತ್ಕೊಂಡು ಫೋನ್ ಮುಂದೆ ಬಾಯಿಗೆ ಬಂದಂಗೆ ಬೈದೆ. ನಿನ್ನನ್ನೇ. ಬೇರೆ ಯಾರ ಹತ್ರ ಬೈಲಿ? ಅದು ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತು ಗೊತ್ತಾ? ‘ಆಮೇಲೆ? ಅವರು ಹೇಗೆ ನಡೀತಾರೆ? ಏನಂತ ಕೂಗ್ತಾರೆ?’ ಅಂತ ಕೇಳ್ತಾ ಹೋಯ್ತು. ನಮ್ಮನೇಲಿ ಯಾರೂ ನನ್ನನ್ನ ಅಷ್ಟು ಕೇಳಿಲ್ಲ.”

“ಕಿವಿ ವಿಷಯ ಯಾಕೆ ಹೇಳ್ದೆ?”

“ಶತ್ರುಗೆ ಒಂದು ದೌರ್ಬಲ್ಯ ಇರ್ಬೇಕು, ಇಲ್ಲಾಂದ್ರೆ ಆಡೋರು ಗೆಲ್ಲೋಕೆ ಆಗಲ್ಲ ಅಂತು. ಏನು ದೌರ್ಬಲ್ಯ ಅಂತ ಕೇಳ್ತು.” ತಂಗಿ ಒಂದು ಹೆಜ್ಜೆ ಮುಂದೆ ಬಂದಳು. “ಎಷ್ಟೊತ್ತು ಯೋಚ್ನೆ ಮಾಡ್ದೆ ಗೊತ್ತಾ ಅಕ್ಕಾ? ಮಗು ಅಂದ್ರೆ ಕರಗ್ತೀಯಾ? ಇಲ್ಲ. ಕಣ್ಣೀರು ಕಂಡ್ರೆ ಕರಗ್ತೀಯಾ? ಇಲ್ಲ. ನಾನು ಅಂದ್ರೆ? ನಿನಗೆ ಆ ಕಿವಿ ಬಿಟ್ಟು ಬೇರೆ ಯಾವ ದೌರ್ಬಲ್ಯ ಇದೆ ಹೇಳು ನೋಡೋಣ. ಇದ್ದಿದ್ರೆ ಅದನ್ನೇ ಹೇಳ್ತಿದ್ದೆ.”

ಅಕ್ಕ ಕೈ ಎತ್ತಿದಳು. ಹೊಡೆಯಲಿಲ್ಲ. ಕೈ ಇಳಿಸಿ, “ತೆಗೆದುಹಾಕು ಅದನ್ನ. ಈಗಿಂದೀಗ್ಲೇ,” ಎಂದಳು.

“ಗುಂಡಿ ಒತ್ತಿದ್ರೆ ಎಲ್ಲರಿಗೂ ಹೋಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಾದ ದಿನಾನೇ ತೆಗೆದೆ. ಅಷ್ಟರಲ್ಲಿ ಯಾರೋ ಅದನ್ನ ತಗೊಂಡು ತಿದ್ದಿ ತಮ್ಮದು ಅಂತ ಹಾಕಿದ್ರು. ಒಂದರಲ್ಲಿ ನೀನು ಡ್ಯಾನ್ಸ್ ಮಾಡ್ತೀಯ. ಇನ್ನೊಂದರಲ್ಲಿ ಗುಂಡಕ್ಕ ನಿನ್ನ ಮೇಲೆ ಕೂರ್ತಾಳೆ. ಯಾವ್ದೂ ನಂದಲ್ಲ ಈಗ.” ಆಮೇಲೆ, “ತಪ್ಪಾಯ್ತು,” ಎಂದಳು. ಆದರೆ ಅಷ್ಟು ಗಡುಸಾಗಿ ಹೇಳಿದ ತಪ್ಪಾಯಿತು ಎಂಬ ಮಾತನ್ನು ಯಾರು ಸ್ವೀಕರಿಸುತ್ತಾರೆ?

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು,” ಎಂದಳು ಅಕ್ಕ. “ನಿನ್ನ ಮಗು ಮುಖ ನೋಡಿ ಶಾಪ ಹಾಕ್ತಿಲ್ಲ. ನಡಿ ಆಚೆ.”

ಸಂಜೆಗೆ ಮುಂಚೆಯೇ ಮ್ಯಾನೇಜರ್ ಕರೆಸಿದ. ಅವನ ಮೇಜಿನ ಮೇಲೆ ಫೋನು ತೆರೆದೇ ಇತ್ತು. ಬಿಳಿ ಕೋಟಿನ ಹೆಂಗಸು ಅದರಲ್ಲಿ ಗಸ್ತು ತಿರುಗುತ್ತಲೇ ಇತ್ತು. ಅವನು ಅದನ್ನು ಮಗುಚಿ ಹಾಕಿ ಹಲ್ಲು ಕಿರಿದ.

“ಬೇಜಾರು ಮಾಡ್ಕೋಬೇಡಿ ಮೇಡಂ. ಹಾಗೆ ನೋಡಿದ್ರೆ ಹೆಮ್ಮೆ ವಿಷಯ. ಕಂಪನಿಯ ಎಲ್ಲಾ ಬ್ರಾಂಚ್‌ಗಳಲ್ಲಿ ಅತಿ ಹೆಚ್ಚು ಜನ ಆಡಿರೋದು ನಮ್ಮ ಆಟಾನೇ. ಹೆಡ್ ಆಫೀಸ್‌ನಿಂದ ಫೋನ್ ಬಂದಿತ್ತು.”

“ಅದರಲ್ಲಿ ನನ್ನ ಮರ್ಯಾದೆ ತೆಗೆದಿದ್ದಾರೆ ಸಾರ್.”

“ಆಟ ಅಲ್ವಾ, ಬಿಡಿ. ಆದ್ರೆ ಆ ಕಿವಿ ಅಂತ ಇದೆಯಲ್ಲ... ನಾನು ನಂಬಲ್ಲ. ನೋಡಿಯೂ ಸುಮ್ನಿದ್ದೆ ಅಂತಾದ್ರೆ ನಾಳೆ ನನ್ನ ತಲೆಗೇ ಬರುತ್ತೆ. ನಾಳೆ ಬೆಳಿಗ್ಗೆ ನರ್ಸ್ ಹತ್ರ ಒಂದು ಟೆಸ್ಟ್. ಪಾಸಾದ್ರೆ ಆ ಆಟಗಳನ್ನೆಲ್ಲಾ ನಾನೇ ತೆಗೆಸ್ತೀನಿ, ಬಾಯಿ ಬಿಟ್ಟವರಿಗೆ ನೋಟಿಸ್ ಕೊಡ್ತೀನಿ. ಪಾಸಾಗ್ಲಿಲ್ಲ ಅಂದ್ರೆ, ನಿಯಮ ನಿಮಗೇ ಗೊತ್ತಲ್ಲ.”

ಗೊತ್ತು. ಆ ನಿಯಮ ಹೇಳಿ ಅವಳೇ ಒಬ್ಬ ಮುದುಕನನ್ನು ಮನೆಗೆ ಕಳಿಸಿದ್ದಳು.

ಈಗ ಒಂದು ಮಾತು ಹೇಳಬೇಕು. ಈ ಪರೀಕ್ಷೆ ವರ್ಷಕ್ಕೊಮ್ಮೆ ಎಲ್ಲರಿಗೂ ಆಗುತ್ತಿತ್ತು, ಅಕ್ಕ ಪ್ರತಿ ವರ್ಷವೂ ಪಾಸಾಗುತ್ತಿದ್ದಳು. ಹೇಗೆಂದರೆ, ನರ್ಸು ಕಿವಿಗೆ ಹೆಡ್‌ಫೋನ್ ಹಾಕಿ, ಎದುರು ಕುಳಿತು, ಒಂದು ಪೆಟ್ಟಿಗೆಯ ಗುಂಡಿ ಒತ್ತುತ್ತಾಳೆ. ಸದ್ದು ಕೇಳಿಸಿದರೆ ಕೈ ಎತ್ತಬೇಕು. ಪೆಟ್ಟಿಗೆಗೆ ಅಡ್ಡ ಒಂದು ರಟ್ಟು ಇರುವುದರಿಂದ ಪರೀಕ್ಷೆಗೆ ಕುಳಿತವರಿಗೆ ನರ್ಸಿನ ಬೆರಳು ಕಾಣುವುದಿಲ್ಲ. ನರ್ಸಿನ ಹಿಂದೆ, ಮುಂದಿನ ಸರದಿಯವರು ಕೂರುವ ಬೆಂಚಿನಿಂದ ಕಾಣುತ್ತದೆ. ಆ ಬೆಂಚಿನ ಮೇಲೆ ಪ್ರತಿ ವರ್ಷವೂ ತಂಗಿ ಕೂರುತ್ತಿದ್ದಳು. ಬೆರಳು ಗುಂಡಿ ಒತ್ತಿದೊಡನೆ ತಂಗಿಯ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು, ಅಕ್ಕನ ಕೈ ಮೇಲೇಳುತ್ತಿತ್ತು. ಒಂದು ವರ್ಷವೂ ತಪ್ಪಿರಲಿಲ್ಲ. ಹೊರಗೆ ಬಂದ ಮೇಲೆ ಇಬ್ಬರೂ ಮೆಟ್ಟಿಲ ಮೂಲೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವರ್ಷದಲ್ಲಿ ಅದೊಂದೇ ದಿನ ಲಾಂಡ್ರಿಯ ಒಳಗೆ ಅವಳು ಅಕ್ಕ, ಇವಳು ತಂಗಿ.

ಬೆಳಿಗ್ಗೆ ನರ್ಸಿನ ಕೋಣೆಗೆ ಅಕ್ಕ ಒಬ್ಬಳೇ ಹೋದಳು. ಸೋಲುವುದಕ್ಕೇ ಹೋಗಿದ್ದಳು ಎನ್ನಿ. ನರ್ಸು ಹೆಡ್‌ಫೋನ್ ತೊಡಿಸುತ್ತ ಹೇಳಿದಳು: “ಈ ಸಲ ನಡುವೆ ನಡುವೆ ಸುಮ್ನೆ ಬಿಡ್ತೀನಿ, ಸದ್ದೇ ಇರಲ್ಲ. ಆಗ ಕೈ ಎತ್ತಿದ್ರೆ ಮೋಸ ಅಂತ ಬರೀತೀನಿ. ಮ್ಯಾನೇಜರ್ ಹೇಳಿದ್ದಾರೆ, ನನ್ನನ್ನ ಬೈಬೇಡಿ.”

ಆಗ ಬಾಗಿಲು ತಳ್ಳಿಕೊಂಡು ತಂಗಿ ಬಂದಳು. “ಉರುಳೆಗೆ ಬೆರಳು ತಗುಲಿ ಸುಟ್ಟಿದೆ ಸಿಸ್ಟರ್, ಮುಲಾಮು ಬೇಕು,” ಎಂದಳು. ಬೆರಳು ನಿಜಕ್ಕೂ ಸುಟ್ಟು ಬೊಬ್ಬೆ ಬಂದಿತ್ತು. “ಇದು ಮುಗೀಲಿ, ಕೂತಿರು,” ಎಂದಳು ನರ್ಸು. ತಂಗಿ ಬೆಂಚಿನ ಮೇಲೆ ಕುಳಿತಳು. ಚಪ್ಪಲಿಯಿಂದ ಬಲಗಾಲನ್ನು ಹೊರಗೆ ತೆಗೆದಳು. ಅಕ್ಕನನ್ನು ನೆಟ್ಟಗೆ ನೋಡಿದಳು.

ಬಲಗಿವಿಯದು ಬೇಗ ಮುಗಿಯಿತು. ಆಮೇಲೆ ಎಡಗಿವಿ.

ತಂಗಿಯ ಹೆಬ್ಬೆರಳು ಅಲ್ಲಾಡಿತು.

ಅಕ್ಕನ ಕೈ ತೊಡೆಯ ಮೇಲಿಂದ ಒಂದಿಷ್ಟು ಎದ್ದಿತು, ಅಲ್ಲೇ ನಿಂತಿತು. ಇವಳು ಯಾಕೆ ಬಂದಳು? ಪಶ್ಚಾತ್ತಾಪಕ್ಕೋ, ಪೂರ್ತಿ ಮುಗಿಸುವುದಕ್ಕೋ? ನಡುವೆ ಸದ್ದಿಲ್ಲದೆ ಬಿಡುತ್ತೇನೆ ಎಂದು ನರ್ಸು ಹೇಳಿದ್ದಾಳೆ. ಆಗ ಬೆರಳು ಅಲ್ಲಾಡಿಸಿಬಿಟ್ಟರೆ? ಕಿವುಡಿ ಎಂದರೆ ಬರೀ ಕೆಲಸ ಹೋಗುತ್ತದೆ. ಮೋಸಗಾತಿ ಎಂದರೆ ಮುಖವೂ ಹೋಗುತ್ತದೆ, ನಾಳೆ ಅದನ್ನೂ ಒಂದು ಆಟ ಮಾಡುತ್ತಾರೆ. ಹೇಳುವುದಕ್ಕೆ ಬಾಯಿ ಇದ್ದರೆ ಸಾಕಲ್ಲ! ತನ್ನ ಬಾಯಿಯನ್ನು ಹಾಗೆ ಬರೆಸಿದವಳು, ತನ್ನ ಎಡಗಿವಿಯನ್ನು ಊರಿಗೆಲ್ಲ ತೋರಿಸಿಕೊಟ್ಟವಳು, ಇವಳ ಕಾಲ್ಬೆರಳನ್ನು ನಂಬಿ ಕೈ ಎತ್ತಬೇಕೇ?

ಹೆಬ್ಬೆರಳು ಮತ್ತೆ ಅಲ್ಲಾಡಿತು. ಸ್ವಲ್ಪ ಬಿಟ್ಟು ಮತ್ತೆ, ಈ ಸಲ ಜೋರಾಗಿ. ತಂಗಿಯ ಹುಬ್ಬು ಮೇಲೇರಿತು, ಕಣ್ಣು ದೊಡ್ಡದಾಯಿತು, ತುಟಿ ಸದ್ದಿಲ್ಲದೆ ‘ಎತ್ತು, ಎತ್ತು’ ಎಂದಿತು. ಅಕ್ಕ ಅವಳ ಕಾಲಿನಿಂದ ಕಣ್ಣು ಕಿತ್ತು ಕಿಟಕಿಯ ಕಡೆ ನೋಡಿದಳು. ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಳು, ಕೊನೆಯವರೆಗೂ ಎತ್ತಲಿಲ್ಲ.

ನರ್ಸು ಹೆಡ್‌ಫೋನ್ ತೆಗೆದಳು. ಅವಳ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. “ಆ ಕಡೆ ಏನೂ ಇಲ್ಲ ಮೇಡಂ. ಒಂದಕ್ಕೂ ಕೈ ಎತ್ತಲಿಲ್ಲ ನೀವು. ಇಷ್ಟು ವರ್ಷ ಹೇಗೆ ಪಾಸಾದ್ರಿ?”

“ಆಗ ಕೇಳಿಸ್ತಿತ್ತು,” ಎಂದಳು ಅಕ್ಕ.

ಬಿಳಿ ಕೋಟನ್ನು ಅಲ್ಲೇ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಹೊರಗೆ ನಡೆದಳು. ಯಂತ್ರಗಳ ಸಾಲಿನ ನಡುವೆ ಹೋಗಲಿಲ್ಲ, ಹಿಂದಿನ ಮೆಟ್ಟಿಲು ಹಿಡಿದಳು. ತಂಗಿ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ಓಡಿ ಬಂದು ಮೆಟ್ಟಿಲಲ್ಲಿ ಅಡ್ಡ ನಿಂತಳು. ಮುಖವೆಲ್ಲ ಕಣ್ಣೀರು.

“ಯಾಕೇ ಎತ್ತಲಿಲ್ಲ? ಒಂದು ಸಲಾನೂ ತಪ್ಪಿಸ್ಲಿಲ್ಲ ನಾನು! ಅವಳು ಸುಮ್ನೆ ಬಿಟ್ಟಾಗ ಕಾಲು ಅಲ್ಲಾಡಿಸ್ಲೇ ಇಲ್ಲ. ಸರಿಯಾಗೇ ತೋರಿಸ್ದೆ ಅಕ್ಕಾ, ಪ್ರತಿಸಲಾನೂ ಸರಿಯಾಗೇ ತೋರಿಸ್ದೆ. ಬೆರಳು ಬೇಕಂತಾನೇ ಸುಟ್ಕೊಂಡು ಬಂದೆ ಕಣೇ ಇದಕ್ಕೆ!”

ಅಕ್ಕ ಆ ಬೊಬ್ಬೆ ಎದ್ದ ಬೆರಳನ್ನು ನೋಡಿದಳು. ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಇನ್ನೂ ಉರಿಯಿತು. ಎತ್ತಬಹುದಾಗಿದ್ದ ಕೈ ಅದು, ಎತ್ತಿದ್ದರೆ ಈಗ ಇಬ್ಬರೂ ಇದೇ ಮೂಲೆಯಲ್ಲಿ ನಗುತ್ತ ನಿಂತಿರುತ್ತಿದ್ದರು. ಆದರೆ ಆ ಹೊತ್ತಿಗೆ ತಂಗಿಯ ಕಾಲ್ಬೆರಳಿನ ಮೇಲೆ ನಂಬಿಕೆ ಬರಲಿಲ್ಲ.

ತಂಗಿ ಇನ್ನೂ ಏನೋ ಹೇಳುತ್ತ, ಅಳುತ್ತ, ಹುಟ್ಟಿದಾಗಿನಿಂದ ಅಭ್ಯಾಸವಾದಂತೆ ಅಕ್ಕನ ಬಲಗಡೆಗೆ ಬಂದು ತೋಳು ಹಿಡಿದಳು. ಅಕ್ಕ ಆ ಕೈಯನ್ನು ಬಿಡಿಸಿ, ಅವಳ ಭುಜ ಹಿಡಿದು ತಿರುಗಿಸಿ, ತನ್ನ ಎಡಗಡೆಗೆ ತಂದು ನಿಲ್ಲಿಸಿದಳು.

“ಇನ್ಮೇಲೆ ನನ್ನ ಹತ್ರ ಏನೇ ಹೇಳೋದಿದ್ರೂ ಈ ಕಡೆಯಿಂದ ಹೇಳು,” ಎಂದು ಮೆಟ್ಟಿಲು ಇಳಿದಳು.